ಕಳೆದ ಇಂಚು

ಈ ಟೇಪಿನ ಮೊದಲ ಇಂಚು
ತುದಿಯ ತಗಡಿನ ಸಮೇತ ಹರಿದುಹೋಗಿ ಏಳು ವರ್ಷ.
ಒಂದರಿಂದ ಹಿಡಿಯುತ್ತೇನೆ, ಕೊನೆಗೆ ಒಂದು ಕಳೆಯುತ್ತೇನೆ.
ಕೋಡಿಬಾಗದ ಅರ್ಧ ಹೆಂಗಸರ ರವಿಕೆಗಳು
ಹೀಗೇ ಕಳೆದು ಕಳೆದು ಮೈಗೆ ಕೂತವು.

ಯಾರು ಬಸುರಿ ಎಂದು ಗಂಡನಿಗಿಂತ ಮೊದಲು
ನನ್ನ ಟೇಪಿಗೆ ಗೊತ್ತಾಗಿದೆ,
ಯಾರು ಊಟ ಬಿಟ್ಟಿದ್ದಾಳೆ, ಯಾಕೆ ಬಿಟ್ಟಿದ್ದಾಳೆ.
ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡವಳು
ಯಾರಿಗೂ ಏನೂ ಹೇಳುವುದಿಲ್ಲ.

ನನ್ನನ್ನು ಮಾತ್ರ ಯಾರೂ ಅಳೆದಿರಲಿಲ್ಲ.

ಸಕ್ಕರೆ ಪರೀಕ್ಷೆಯ ಚೀಟಿ ನೋಡಿ ಸಿಸ್ಟರ್ ರೊಜಿನಾ
"ತೂಕ ಬಿಡಿ ಬಾಯಿ, ಕೊಬ್ಬು ಎಷ್ಟಿದೆ ನೋಡಿ" ಅಂದಳು.
ನಗು ಬಂತು.
ಅದನ್ನು ಅತ್ತೆ ಬರಿಗಣ್ಣಲ್ಲೇ ಅಳೆದಿದ್ದಳು,
ನಾನು ಬಳೆ ಅಡವಿಟ್ಟು ಹೊಲಿಗೆ ಮಷಿನು ತಂದ ದಿನ:
"ಎಷ್ಟು ಕೊಬ್ಬು ನೋಡು ಇವಳಿಗೆ!"

ಪ್ರಣಾಲಿ ಕಾಲೇಜಿನಿಂದ ಸೂತ್ರ ತಂದಳು.
ಸೊಂಟಕ್ಕೆ ಪೃಷ್ಠ ಕೂಡಿಸು, ಕೊರಳು ಕಳೆ,
ಆಮೇಲೆ ಲಾಗ್, ಎತ್ತರ, ಇನ್ನೇನೋ.
ಗಂಡಸರಿಗೆ ಪೃಷ್ಠದ ಲೆಕ್ಕವಿಲ್ಲವಂತೆ.
"ಯಾಕೆ?"
"ಸೂತ್ರವೇ ಹಾಗೆ, ಆಯಿ."

ನಾನೇ ಅಳೆದುಕೊಂಡರೆ ಹೊಟ್ಟೆ ತಾನಾಗಿ ಒಳಗೆ ಸರಿಯುತ್ತದೆ,
ಗಿರಾಕಿಗಳ ಈ ಮೋಸ ನನಗೆ ಗೊತ್ತಿಲ್ಲದ್ದೇ?
ಟೇಪನ್ನು ಪುಂಡಲೀಕನ ಕೈಗೆ ಕೊಟ್ಟೆ.
ಬೈತಖೋಲದಲ್ಲಿ ಟ್ರಾಲರುಗಳು ಕಟ್ಟಿ ನಿಂತ ಆಷಾಢ,
ಎರಡು ತಿಂಗಳು ಅವನೂ ಮನೆಯಲ್ಲೇ.
ಹಗ್ಗ ಇಳಿಸಿ ಇಷ್ಟು ಮಾರು ನೀರು ಎನ್ನುವವನು,
ತಾರ್ಲೆಯ ಹೊಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿ
"ಕೊಬ್ಬಿದೆ, ಎಣ್ಣೆ ಹಾಕಬೇಡ" ಎನ್ನುವವನು
ನನ್ನ ಸೊಂಟದ ಹತ್ತಿರ ಬಂದು ನಿಂತುಬಿಟ್ಟ.

"ಉಸಿರು ಬಿಡು."
ಬಿಟ್ಟೆ.
ಮೊದಲ ಸಲ ಬಲೆ ಎಳೆದಂತೆ ಬಿಗಿದ,
ಎರಡನೇ ಸಲ ಟೇಪು ಜಾರಿ ಕಾಲಿಗೆ ಬಿತ್ತು.
ಬೆನ್ನಲ್ಲಿ ತಿರುಚಿದೆ, ಅಂದೆ. ನೇರ ಮಾಡಿದ.

ಮೂವತ್ತನಾಲ್ಕು. ನಲವತ್ತು. ಕೊರಳು ಹದಿನಾಲ್ಕು.
ಕೊರಳು ದಪ್ಪವಿದ್ದಷ್ಟೂ ಕೊಬ್ಬು ಕಡಿಮೆ ಬರುತ್ತದಂತೆ.
ಇಪ್ಪತ್ತೆರಡು ವರ್ಷ ಮಷಿನಿನ ಮೇಲೆ ಬಗ್ಗಿದ ಕೊರಳು,
ಎಲ್ಲಿಂದ ದಪ್ಪವಾಗಬೇಕು?
ಎತ್ತರಕ್ಕೆ ಬಾಗಿಲ ಚೌಕಟ್ಟಿಗೆ ಒರಗಿಸಿ
ನೆತ್ತಿಯ ಮೇಲೆ ಸ್ಕೇಲಿಟ್ಟು ಪೆನ್ಸಿಲ್ ಗೀರಿದರು.
ಟೇಪು ಅರವತ್ತಕ್ಕೆ ಮುಗಿಯಿತು.
ನಾನಿನ್ನೂ ಎರಡಿಂಚು ಉಳಿದಿದ್ದೆ.

"ಶೇಕಡಾ ಮೂವತ್ತೇಳು," ಮಗಳ ದನಿ ಮೆಲ್ಲಗೆ,
ನಾನು ನಪಾಸಾದಂತೆ.
"ಹರಿದ ಇಂಚು ಕಳೆದೇ ಇಲ್ಲವಲ್ಲ ನೀವು!"
ನಾಲ್ಕೂ ಕಡೆ ಕಳೆದು ಮತ್ತೆ ಹಾಕಿದಳು. ಮೂವತ್ತಾರು.
ಏಳು ವರ್ಷದ ಸವಕಳಿಗೆ ಶೇಕಡಾ ಒಂದರ ರಿಯಾಯಿತಿ.
ಅತ್ತೆ ಇದ್ದಿದ್ದರೆ ನಂಬುತ್ತಿರಲಿಲ್ಲ,
ಅವಳ ಲೆಕ್ಕದಲ್ಲಿ ನೂರಕ್ಕೆ ನೂರಿತ್ತು.

ನಾಳೆಯಿಂದ ಕಾಳಿ ಸೇತುವೆಯ ತನಕ ನಡೆಯಬೇಕು,
ಮಳೆಯಿದ್ದರೆ ಕೊಡೆ.
ಅನ್ನ ಒಂದು ಸೌಟು ಕಡಿಮೆ. ತಾರ್ಲೆ ಬಿಡುವುದಿಲ್ಲ.
ಪುಂಡಲೀಕ ಟೇಪನ್ನು ಹಗ್ಗದ ಹಾಗೆ ಮೊಣಕೈಗೆ ಸುತ್ತಿ
"ಪೇಟೆಯಿಂದ ಹೊಸತೊಂದು ತರುತ್ತೇನೆ" ಅಂದ.
ಬೇಡ ಅಂದೆ.
ಇದು ಎಲ್ಲಿ ಸುಳ್ಳು ಹೇಳುತ್ತದೆಂದು ನನಗೆ ಗೊತ್ತಿದೆ.