ಚೀಲ

ಕೊಶಿತ್ಸೆಯ ಕಾಲೇಜಿನಲ್ಲಿ ಬುಧವಾರ ಅರಿವಿನ ಶಿಬಿರ.
ದುಂಡಗೆ ಹಾಕಿದ ಕುರ್ಚಿ, ಬಿಸ್ಕತ್ತು, ಎದೆಗಂಟಿಸಿದ ಹೆಸರು.
‘ನಿಮ್ಮೊಳಗಿನ ಒಂದು ಪೂರ್ವಗ್ರಹ ಬರೆಯಿರಿ, ಸಹಿ ಬೇಡ’
ಅಂದರು ತರಬೇತಿಗೆ ಬಂದಾಕೆ.
ನಾನು ಬರೆದೆ: ಏನೂ ಇಲ್ಲ.
ಮುತ್ತಿನಂಥ ಅಕ್ಷರ.

ಒಬ್ಬರ ಚೀಟಿ ಇನ್ನೊಬ್ಬರು ಓದಬೇಕು.
ನನ್ನದು ಸಿಕ್ಕಿದ್ದು ಜಾನೆತಾಳಿಗೆ.
ರೋಮಾ ಹುಡುಗಿ, ಊರಂಚಿನ ಬ್ಲಾಕುಗಳಿಂದ
ಎರಡು ಟ್ರಾಮು ಬದಲಿಸಿ ಬರುವವಳು.
‘ಏನೂ ಇಲ್ಲ’ ಅಂತ ಓದಿದಳು
ಹಾಜರಿ ಕೂಗಿದ ಹಾಗೆ.
ಯಾರೋ ಚಪ್ಪಾಳೆ ತಟ್ಟಿದರು.

ಆಗ ನೆನಪಾಯಿತು ಅಕ್ಟೋಬರ್.
ಟ್ರಾಮಿನಲ್ಲಿ ಅವಳು ಬಂದು ಪಕ್ಕ ಕೂತದ್ದೇ ತಡ
ನನ್ನ ಕೈ, ನನ್ನನ್ನೊಂದು ಮಾತೂ ಕೇಳದೆ,
ಚೀಲವನ್ನು ಕಿಟಕಿಯ ಕಡೆ ಸರಿಸಿತ್ತು.
ಒಳಗಿದ್ದದ್ದು ಅರ್ಧ ತಿಂದ ಸೇಬು,
ಅವಳದೇ ನೋಟ್ಸಿನ ಜೆರಾಕ್ಸು.

ಮಧ್ಯಾಹ್ನ ಎಲ್ಲರಿಗೂ ಪ್ರಮಾಣಪತ್ರ.
ಅದನ್ನೂ ಚೀಲಕ್ಕೇ ತುರುಕಿದೆ.

ಸಂಜೆ ಅವಳ ಪಕ್ಕ ಜಾಗ ಖಾಲಿಯಿತ್ತು. ಕೂತೆ.
ಚೀಲ ನಮ್ಮಿಬ್ಬರ ನಡುವೆ,
ಅದರ ಮೇಲೆ ನನ್ನ ಕೈ.
ಎರಡು ನಿಲ್ದಾಣ ದಾಟಿದ ಮೇಲೆ
ಕೈ ತೆಗೆದೆ. ಎಲ್ಲಿಡುವುದೋ ತಿಳಿಯಲಿಲ್ಲ.
ಜಾನೆತಾ ಗಾಜಿನ ಮಂಜು ಒರೆಸಿ
ಹೊರಗೆ ನೋಡುತ್ತಿದ್ದಳು,
ತನ್ನ ಚೀಲವನ್ನು
ಎದೆಗವಚಿಕೊಂಡು.