ಮೂರೂವರೆ

ತಾರ್ತುವಿನಲ್ಲಿ ನದಿಯ ಮಂಜುಗಡ್ಡೆ ಒಡೆಯುವ ವಾರ.
ನನ್ನ ಕೋಣೆಯ ಬೀಗದಕೈ ನಾಳೆಯಿಂದ ರೈಮೊನದು.
ಬೀರು ಖಾಲಿ ಮಾಡುವಾಗ ಸಿಕ್ಕಿತು
ಇನ್ನೂರ ಹನ್ನೆರಡನೆಯವಳ ಹಾಳೆ:

‘ಕಾರಣವಿಲ್ಲದೆ ಕಳವಳವಾಗುತ್ತದೆಯೇ?
ಒಂದರಿಂದ ಐದರೊಳಗೆ ಗುರುತು ಹಾಕಿ.’

ಬ್ರೆಡ್ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಬಂದವಳು,
ಉಗುರಲ್ಲಿ ಹಿಟ್ಟು.
ಮೂರಕ್ಕೂ ನಾಲ್ಕಕ್ಕೂ ನಡುವಿನ ಬಿಳಿ ಜಾಗದಲ್ಲಿ
ಗೀಟೆಳೆದು, ಪಕ್ಕದಲ್ಲಿ ಬರೆದಿದ್ದಳು:
‘ಅಕ್ಕ ಬಂದ ದಿನ ಕಡಿಮೆ.’

ನಾನಾಗ ಹೊಸಬಳು. ಮೂರು ಎಂದು ತುಂಬಿದೆ.
ಪ್ರಬಂಧ ಬಂತು, ಹುದ್ದೆ ಬಂತು.
ಮನುಷ್ಯರು ಒಬ್ಬರಂತೆ ಒಬ್ಬರಿಲ್ಲ ಎಂದು
ಮೂವತ್ತೊಂದು ವರ್ಷ ಪಾಠ ಹೇಳಿದೆ,
ಸರಾಸರಿ ತೆಗೆದು.

‘ಇದೂ ರದ್ದಿಗಾ, ಹೆಲ್ವೆ?’ ಅಂತ ರೈಮೊ.
ಕೇಳಿಸದವಳಂತೆ ನಿಂತು
ಆ ಅಕ್ಕನ ಹೆಸರೇನಿತ್ತೋ ಎಂದು ನೆನೆಯುತ್ತೇನೆ.

ಕೇಳಿರಲೇ ಇಲ್ಲ.
ಪ್ರಶ್ನಾವಳಿಯಲ್ಲಿ ಆ ಸಾಲಿರಲಿಲ್ಲ.