ಎಳೆಯ ತುದಿ

ಬೆಂದ ಗೂಡಿನ ಬಟ್ಟಲಲ್ಲಿ
ಅಮ್ಮಿ ಬೆರಳಾಡಿಸಿದರೆ ಸಾಕು,
ಎಲ್ಲಿಂದಲೋ ತುದಿ ಸಿಗುತ್ತಿತ್ತು.
ಕೂದಲಿಗಿಂತ ಸಣ್ಣ ಎಳೆ, ಕಣ್ಣಿದ್ದವರಿಗೂ ಕಾಣದ್ದು.
"ತುದಿ ಸಿಕ್ಕರೆ ಸಾವಿರ ಮೊಳ ತಾನೇ ಬರ್ತದೆ,
ಸಿಗದಿದ್ರೆ ಅದು ಗೂಡಲ್ಲ, ಬರೀ ಹತ್ತಿ"
ಅನ್ನುತ್ತಿದ್ದಳು, ಸುಟ್ಟ ಬೆರಳನ್ನು
ಕಿವಿಹಾಲೆಗೆ ಒತ್ತಿಕೊಂಡು.

ಹುಟ್ಟಿದ್ದು ಶಿಡ್ಲಘಟ್ಟದಲ್ಲಿ,
ಕಣ್ಣು ಹೋದದ್ದು ಒಂಬತ್ತನೇ ವಯಸ್ಸಲ್ಲಿ.
ಊರು ಮಾತ್ರ ಹೋಗಲಿಲ್ಲ.
ಹೊಸಿಲಿಂದ ಹನ್ನೊಂದು ಹೆಜ್ಜೆಗೆ
ಚರಂಡಿಯ ಅಲುಗುವ ಚಪ್ಪಡಿ; ಟಕ್ ಅಂದರೆ ಎಡಕ್ಕೆ.
ಹುಳದ ನಾತ ದಪ್ಪಗಾದಲ್ಲಿ ಖಲೀಲ್ ಸಾಬರ ಶೆಡ್ಡು,
ತೆಳುವಾಗಿ ರಾಗಿಯ ಬಿಸಿ ವಾಸನೆ ಬೆರೆತಲ್ಲಿ ಗಿರಣಿ.
ಆಮೇಲೆ ಒಮ್ಮೆಲೇ ಗಾಳಿ:
ಅಂದರೆ ರಸ್ತೆ,
ಅಂದರೆ ನಿಲ್ಲು.
ಯಾರೂ ನನಗೆಂದು ನೆಟ್ಟದ್ದಲ್ಲ ಇವು.
ಊರು ತನ್ನ ಪಾಡಿಗೆ ತಾನಿದ್ದರೂ
ಎಲ್ಲಿ ಏನಿದೆ ಅಂತ ಹೇಳುತ್ತಲೇ ಇರುತ್ತದೆ.

ಗೂಡಿನ ದರ ಈಗ ಕಂಪ್ಯೂಟರಿನಲ್ಲೇ ಬರುತ್ತದೆ ಅಂದರು.
ಚರಕ ಬಿಟ್ಟು ಏಳಲು ತಮ್ಮನಿಗೆ ಪುರುಸೊತ್ತಿಲ್ಲ. ನಾನು ಕೂತೆ.
ತೆರೆ ಓದುವ ದನಿಗೆ ನಾನಿಟ್ಟ ಹೆಸರು ಮುನ್ಷಿ.
ಮೂಗಿನಲ್ಲಿ ಮಾತಾಡುವವನು, ಉಸಿರೇ ಎಳೆಯದವನು,
ಶುರು ಹಚ್ಚಿದ:
ಲಿಂಕ್. ಲಿಂಕ್. ಚಿತ್ರ. ಹೆಸರಿಲ್ಲದ ಚಿತ್ರ.
ಲಿಂಕ್, ಇಲ್ಲಿ ಒತ್ತಿ. ಲಿಂಕ್, ಇಲ್ಲಿ ಒತ್ತಿ.
ಎಲ್ಲಿ, ಮುನ್ಷಿ?
ಎಚ್ ಒತ್ತಿದೆ: ಶೀರ್ಷಿಕೆ ಇಲ್ಲ.
ಡಿ ಒತ್ತಿದೆ: ಹೆಗ್ಗುರುತು ಇಲ್ಲ.
ದಪ್ಪ ಅಕ್ಷರ ಇದೆಯಂತೆ, ಕೆಂಪು ಪಟ್ಟಿ ಇದೆಯಂತೆ,
"ಎದುರಿಗೇ ಇದೆಯಲ್ಲ ಆಪಾ!" ತಮ್ಮ ಕೂಗಿದ.
ಎದುರು ಅನ್ನುವುದು ಕಣ್ಣಿನ ಮಾತು.
ನನ್ನ ಪಾಲಿಗೆ ಅದೊಂದು ಉದ್ದನೆಯ ಗೋಡೆ,
ಬಾಗಿಲಿನ ಚಿತ್ರ ಬರೆದ ಗೋಡೆ.

ಪುಟ ಕಟ್ಟಿದವನು ಲಕ್ಷ್ಮೀಪತಿ, ಚಿಂತಾಮಣಿ ಕಡೆಯ ಹುಡುಗ.
ಕರೆಸಿ, ಚಹಾ ಕೊಟ್ಟು,
ತೆರೆಯ ಬೆಳಕು ಆರಿಸಿ, ಮಿಶ್ರತಳಿ ದರ ಹುಡುಕು ಅಂದೆ.
ಮುನ್ಷಿ ಎಪ್ಪತ್ತೆರಡು ಲಿಂಕು ಓದಿದ.
ಲೋಟ ಎತ್ತಿದ ಸದ್ದೇ ಬರಲಿಲ್ಲ.

ವಾರ ಬಿಟ್ಟು ಮತ್ತೆ ಬಂದ, ಭಕ್ತಿ ಅತಿಯಾಗಿತ್ತು.
ಮುಖ್ಯ. ಮುಖ್ಯ. ಪ್ರದೇಶ. ಮುಖ್ಯ. ಪ್ರದೇಶ.
ಫೋನ್ ನಂಬರಿಗೊಂದು ಪ್ರದೇಶ,
"ಧನ್ಯವಾದಗಳು"ಗೂ ಒಂದು ಶೀರ್ಷಿಕೆ!
ನಗು ತಡೆಯಲಾಗಲಿಲ್ಲ ನನಗೆ.
"ಅಲ್ಲಪ್ಪಾ, ಹೊಲದ ಕಲ್ಲಿಗೆಲ್ಲ ಸುಣ್ಣ ಬಳಿದರೆ
ಬಾಂದುಕಲ್ಲು ಯಾವುದು?"
ತೆಲುಗಿನಲ್ಲಿ ತನ್ನನ್ನೇ ಏನೋ ಬೈದುಕೊಂಡ,
ಅಲ್ಲೇ ಕೂತು ಅಳಿಸುತ್ತಾ ಹೋದ.
ಮೇಲೆ ಮಾರುಕಟ್ಟೆಯ ಹೆಸರು, ಅದರ ಕೆಳಗೆ ದಾರಿಗಳು,
ನಡುವೆ ಮುಖ್ಯ, ಒಂದೇ ಒಂದು.
ಅದರೊಳಗೆ ದ್ವಿತಳಿ, ಮಿಶ್ರತಳಿ, ಎರಡು ಶೀರ್ಷಿಕೆ.
ಯಾರೂ ಓದದ ಷರತ್ತುಗಳಿಗೂ
ತಳದಲ್ಲೊಂದು ಮೂಲೆ.
"ಅಕ್ಕಾ, ನೋಡೋರಿಗೆ ಏನೂ ಬದಲಾದಂಗೆ ಕಾಣಲ್ಲ,"
ಅಂದ, ಸ್ವಲ್ಪ ಬೇಸರದಲ್ಲೇ.
ಏನು ಹೇಳಲಿ? ಇನ್ನೊಂದು ಚಹಾ ಕೊಟ್ಟೆ.

ಇವತ್ತು, ಮನೆ ಏಳುವ ಮುಂಚೆ,
ಡಿ. ಡಿ. ಡಿ. ಮುಖ್ಯ.
ಎಚ್. ಎಚ್. ಮಿಶ್ರತಳಿ.
ಮುನ್ಷಿ ಒಂದೇ ಮಾತು ಹೇಳಿ ಸುಮ್ಮನಾದ:
ಕಿಲೋಗೆ ನಲವತ್ತು ಏರಿದೆ.
ಬೆಳೆದವರಿಗೆ ಸಿಹಿ. ಕೊಂಡು ಬಿಚ್ಚುವ ನಮಗೆ
ವಾರವಿಡೀ ಕಹಿ.
ತಮ್ಮನನ್ನು ಎಬ್ಬಿಸಬೇಕು.
ಎಬ್ಬಿಸಲಿಲ್ಲ ಇನ್ನೂ.
ಈ ಕೆಟ್ಟ ಸುದ್ದಿ ಸ್ವಲ್ಪ ಹೊತ್ತು
ನನ್ನೊಬ್ಬಳದೇ ಆಗಿರಲಿ.
ಮನೆಯಲ್ಲಿ ಯಾವುದನ್ನಾದರೂ
ಎಲ್ಲರಿಗಿಂತ ಮೊದಲು ತಿಳಿದದ್ದು
ನನಗಿದೇ ಮೊದಲ ಸಲ.
ಕೀಲಿಯ ಮೇಲಿದ್ದ ಬೆರಳನ್ನು
ಸುಡದಿದ್ದರೂ, ಯಾಕೋ,
ಕಿವಿಹಾಲೆಗೆ ಒತ್ತಿಕೊಂಡೆ.